ಸೆಮಿನಾರ್‌ಗೆ ಸಿಂಧೂನಾ, ಬ್ರಹ್ಮಪುತ್ರಾನಾ?

ಹಾಸನದಲ್ಲಿ ಬಿಎ ಓದ್ತಿರೋ ಅಕ್ಕನ ಮಗಳು "ಮಾವ, ದೇಶ ದಾಟೋ ನದಿ ಒಂದು ತಗೋಬೇಕು, ಯಾವ್ದು?" ಅಂದ್ಲು, ಅದೇ ಡೌಟ್ ಇರೋರಿಗೆ ಇದು. ಎರಡೂ ಹುಟ್ಟೋದು ಟಿಬೆಟ್‌ನಲ್ಲೇ, ಒಂದು ಪಶ್ಚಿಮದ ಕಡೆ ಬಂದ್ರೆ ಇನ್ನೊಂದು ಪೂರ್ವಕ್ಕೆ.

ಸಿಂಧೂ ಲಡಾಖ್ ದಾಟಿ ಪಾಕಿಸ್ತಾನದ ಉದ್ದಕ್ಕೂ ಹರಿದು ಅರಬ್ಬಿ ಸಮುದ್ರ ಸೇರುತ್ತೆ. ಇಲ್ಲಿ ಮೇನ್ ವಿಷ್ಯ ಸಿಂಧೂ ಮತ್ತು ಅದರ ಉಪನದಿಗಳ ನೀರು ಹಂಚ್ಕೊಳ್ಳೋಕೆ ಭಾರತ-ಪಾಕಿಸ್ತಾನ ಮಾಡ್ಕೊಂಡ 1960ರ ಒಪ್ಪಂದ: ರಾವಿ, ಬಿಯಾಸ್, ಸಟ್ಲೆಜ್ ನಮಗೆ, ಸಿಂಧೂ, ಝೀಲಂ, ಚಿನಾಬ್ ಬಹುಪಾಲು ಅವ್ರಿಗೆ, 2025ರಲ್ಲಿ ಭಾರತ ಅದನ್ನ ತಡೆಹಿಡೀತು. ಹೇಮಾವತಿ ನೀರು ನಾಲೆಗೆ ಯಾವಾಗ ಬಿಡ್ತಾರೆ ಅನ್ನೋ ಜಗಳ ಕೇಳ್ತಾ ಬೆಳೆದ ನಮ್ಗೆ ಇದು ಬೇಗ ತಲೆಗೆ ಹೋಗುತ್ತೆ.

ಬ್ರಹ್ಮಪುತ್ರದ್ದು ಮಜಾನೇ ಬೇರೆ. ಟಿಬೆಟ್‌ನಲ್ಲಿ ಯಾರ್ಲುಂಗ್ ಸಾಂಗ್ಪೋ, ನಮ್ಚಾ ಬರ್ವಾ ಪರ್ವತ ಸುತ್ಕೊಂಡು ನಮ್ ಚಾರ್ಮಾಡಿ ಘಾಟಿ ತಿರುವಿನ ಥರ ಗಕ್ಕಂತ ತಿರುಗಿ ಅರುಣಾಚಲಕ್ಕೆ ಇಳಿದ್ರೆ ಸಿಯಾಂಗ್, ಬಾಂಗ್ಲಾದಲ್ಲಿ ಜಮುನಾ, ಹೆಸರು ನೆನಪಿಟ್ಕೊಳ್ಳೋದೇ ಒಂದು ಕೆಲ್ಸ. ಮಳೆಗಾಲ ಬಂತಂದ್ರೆ ಅಸ್ಸಾಂನಲ್ಲಿ ಪ್ರವಾಹ, ಮಾಜುಲಿ ದ್ವೀಪದ ದಡ ಕೊಚ್ಚಿ ಹೋಗ್ತಾನೇ ಇದೆ. ಚೀನಾ ಜೊತೆ ನೀರು ಹಂಚಿಕೆ ಒಪ್ಪಂದನೂ ಇಲ್ಲ.

ಮ್ಯಾಪ್ ಚೆನ್ನಾಗಿ ಬಿಡಿಸ್ತೀರಾ ಅಂದ್ರೆ ಬ್ರಹ್ಮಪುತ್ರ. ಹತ್ತೇ ನಿಮಿಷ ಟೈಮ್, ಮೇಲೆ ಲೆಕ್ಚರರ್ ಪ್ರಶ್ನೆ ಬೇರೆ ಕೇಳ್ತಾರೆ ಅಂದ್ರೆ ಕಣ್ಮುಚ್ಕೊಂಡು ಸಿಂಧೂ ತಗೊಳ್ಳಿ.