ಆರು ವರ್ಷಗಳಿಂದ ನಮ್ಮ ಬೋಟಿನ ಮೇಲಿರುವ ಲೈಫ್‌ರಾಫ್ಟ್: ಆಯ್ಕೆ, ಜೋಡಣೆ ಮತ್ತು ಸರ್ವಿಸ್

2018ರ ಡಿಸೆಂಬರ್‌ನಲ್ಲಿ ಏಳು ಮೀನುಗಾರರೊಂದಿಗೆ ಮಲ್ಪೆಯಿಂದ ಹೊರಟು ಕಾಣೆಯಾದ ‘ಸುವರ್ಣ ತ್ರಿಭುಜ’ ಬೋಟಿನ ಅವಶೇಷ 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರತಳದಲ್ಲಿ ಸಿಕ್ಕಿತು. ಆ ವರ್ಷದ ಮೀನುಗಾರಿಕೆ ನಿಷೇಧದ ಅವಧಿಯಲ್ಲಿಯೇ ನಮ್ಮ ಆಳಸಮುದ್ರ ಬೋಟಿಗೆ ಲೈಫ್‌ರಾಫ್ಟ್, ಅಂದರೆ ಬೋಟ್ ಮುಳುಗಿದರೆ ಹತ್ತಿಕೊಳ್ಳಲು ಗ್ಯಾಸಿನಿಂದ ಉಬ್ಬುವ ತೆಪ್ಪ, ಕೊಂಡೆ. ತಾಂಡೇಲ (ಬೋಟ್ ನಡೆಸುವವ) ಸೇರಿ ಎಂಟು ಮಂದಿ ಹತ್ತು ಹನ್ನೆರಡು ದಿನ ಕಡಲಿನಲ್ಲಿ ಉಳಿಯುವ ಬೋಟ್ ಅದು. ರಾಫ್ಟನ್ನು ನೀರಿಗಿಳಿಸುವ ಪ್ರಸಂಗ ಈವರೆಗೆ ಬಂದಿಲ್ಲವಾದ್ದರಿಂದ, ಕೊಂಡದ್ದು, ಕೂರಿಸಿದ್ದು ಮತ್ತು ಸರ್ವಿಸ್ ಮಾಡಿಸಿದ್ದರ ಅನುಭವವನ್ನಷ್ಟೇ ಇಲ್ಲಿ ಬರೆಯಬಲ್ಲೆ.

ನಾನು ಆರಿಸಿದ್ದು ಸೋಲಾಸ್ (ಕಡಲಿನಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ) ಮಾನ್ಯತೆಯ, ಹತ್ತು ಜನರ, ಫೈಬರ್ ಪೆಟ್ಟಿಗೆಯಲ್ಲಿ ಬರುವ ರಾಫ್ಟ್. ಚೀಲದಲ್ಲಿ ಬರುವ ರಾಫ್ಟ್ ಹಗುರ, ಬೆಲೆಯೂ ಕಡಿಮೆ. ಆದರೆ ಅದನ್ನು ಒಣ ಜಾಗದಲ್ಲಿ ಇಡಬೇಕು, ಬೋಟ್ ಮುಳುಗುವ ಹೊತ್ತಿನಲ್ಲಿ ಯಾರಾದರೂ ಹೊರಗೆ ತರಬೇಕು. ಅಂಥ ಜಾಗವೂ ಸಮಯವೂ ನಮ್ಮಲ್ಲಿಲ್ಲ. ಸೋಲಾಸ್ ನಿಯಮ ಒಬ್ಬರಿಗೆ ಕೇಳುವುದು ಕೇವಲ 0.372 ಚದರ ಮೀಟರ್, ಅಂದರೆ ಮೊಣಕಾಲು ಮಡಚಿ ಕೂರುವಷ್ಟು. ಎಂಟು ಮಂದಿಗೆ ಹತ್ತರದ್ದು ಸರಿಹೋಯಿತು. ಆದರೆ ಇನ್ನೂ ದೊಡ್ಡದು ಇರಲಿ ಎಂದು ಇಪ್ಪತ್ತರ ರಾಫ್ಟಿಗೆ ಹೋಗಬಾರದು, ಏಕೆಂದರೆ ಒಳಗೆ ಸಾಕಷ್ಟು ಭಾರವಿಲ್ಲದ ರಾಫ್ಟನ್ನು ಗಾಳಿ ಸುಲಭವಾಗಿ ಮಗುಚುತ್ತದೆ.

ನನ್ನನ್ನು ಇಂದಿಗೂ ನಡುಗಿಸುವುದು ಜೋಡಣೆಯ ವಿಷಯ. ಪೆಟ್ಟಿಗೆಯನ್ನು ಬಿಗಿಯುವ ಪಟ್ಟಿ ಹೈಡ್ರೋಸ್ಟ್ಯಾಟಿಕ್ ರಿಲೀಸ್ ಎಂಬ ಸಣ್ಣ ಸಾಧನಕ್ಕೆ ಸೇರಿರುತ್ತದೆ. ಬೋಟ್ ಮುಳುಗಿದರೆ ನಾಲ್ಕು ಮೀಟರ್ ಆಳದೊಳಗೆ ನೀರಿನ ಒತ್ತಡಕ್ಕೆ ಅದು ಬಿಡಿಸಿಕೊಂಡು, ಪೆಟ್ಟಿಗೆ ತೇಲಿ, ರಾಫ್ಟನ್ನು ಬೋಟಿಗೆ ಕಟ್ಟಿರುವ ಪೇಂಟರ್ ಹಗ್ಗ ಪೂರ್ತಿ ಎಳೆದುಕೊಂಡಾಗ ಗ್ಯಾಸ್ ಸಿಲಿಂಡರ್ ತೆರೆದು ರಾಫ್ಟ್ ಉಬ್ಬುತ್ತದೆ. ಆಮೇಲೆ ಆ ಹಗ್ಗ ವೀಕ್ ಲಿಂಕ್ ಎಂಬ, ಜೋರಾಗಿ ಎಳೆದರೆ ತುಂಡಾಗುವ ಕೊಂಡಿಯಲ್ಲಿ ಕಡಿದುಹೋಗಬೇಕು. ಇಲ್ಲದಿದ್ದರೆ ಉಬ್ಬಿದ ರಾಫ್ಟನ್ನೂ ಬೋಟ್ ತನ್ನೊಡನೆ ತಳಕ್ಕೆ ಎಳೆದೊಯ್ಯುತ್ತದೆ. ನಮ್ಮಲ್ಲಿ ಅಳವಡಿಸಿದವರು ಪೇಂಟರನ್ನು ವೀಕ್ ಲಿಂಕ್‌ಗೆ ಕಟ್ಟದೆ, ಗಟ್ಟಿಯಾಗಿರಲೆಂದು ನೇರವಾಗಿ ಕಬ್ಬಿಣದ ಸ್ಟ್ಯಾಂಡಿಗೆ ಶ್ಯಾಕಲ್ (ಲೋಹದ ಗಟ್ಟಿ ಕೊಂಡಿ) ಹಾಕಿ ಬಿಗಿದಿದ್ದರು. 2020ರಲ್ಲಿ ಲಾಕ್‌ಡೌನಿನಿಂದ ಸರ್ವಿಸ್ ತಪ್ಪಿತ್ತು. 2021ರಲ್ಲಿ ಕೊಚ್ಚಿಯ ಸರ್ವಿಸ್ ಕೇಂದ್ರದ ತಂತ್ರಜ್ಞರು ಬೋಟಿನ ಮೇಲೆ ಕಟ್ಟಿರುವ ಫೋಟೊ ತೋರಿಸಿ ಎಂದಾಗಲೇ ಇದು ಗೊತ್ತಾದದ್ದು. ಎರಡು ಋತು ಎಂಟು ಜೀವಗಳು ಆ ಶ್ಯಾಕಲನ್ನು ನಂಬಿಕೊಂಡು ಕಡಲಿಗೆ ಹೋಗಿದ್ದವು, ಮತ್ತು ಕೈಪಿಡಿಯ ಚಿತ್ರದೊಡನೆ ಒಮ್ಮೆ ಹೋಲಿಸಿ ನೋಡುವ ಕೆಲಸವನ್ನು ನಾನು ಮಾಡಿರಲಿಲ್ಲ. ನಮ್ಮ ರಿಲೀಸ್‌ನ ಆಯುಷ್ಯ ಎರಡೇ ವರ್ಷ. ಈಗ ಅದರ ಅವಧಿ ಮುಗಿಯುವ ತಿಂಗಳನ್ನು ಕ್ಯಾಬಿನ್ ಬಾಗಿಲಿನ ಮೇಲೆ ಬಣ್ಣದಲ್ಲಿ ಬರೆಸಿದ್ದೇನೆ.

ಸೋಲಾಸ್ ರಾಫ್ಟಿಗೆ ವರ್ಷಕ್ಕೊಮ್ಮೆ ಸರ್ವಿಸ್ ಬೇಕು. ಮೀನುಗಾರಿಕೆ ನಿಷೇಧದ ಜೂನ್ ಮತ್ತು ಜುಲೈಯಲ್ಲಿ ಬೋಟ್ ಬಂದರಿನ ಧಕ್ಕೆಯಲ್ಲಿಯೇ ಇರುವುದರಿಂದ ನಮಗೆ ಅದೇ ಸರಿಯಾದ ಕಾಲ. ರಾಫ್ಟನ್ನು ಬಿಚ್ಚಿ, ಗಾಳಿ ತುಂಬಿ, ಒತ್ತಡ ಇಳಿಯುತ್ತದೆಯೇ ಎಂದು ಕಾದು ನೋಡುತ್ತಾರೆ, ಸಿಲಿಂಡರನ್ನು ತೂಗುತ್ತಾರೆ, ಅವಧಿ ಮುಗಿದ ಫ್ಲೇರ್ (ಅಪಾಯ ಸೂಚಿಸುವ ಪಂಜು), ಬ್ಯಾಟರಿ, ಔಷಧಿಗಳನ್ನು ಬದಲಿಸುತ್ತಾರೆ. 2021ರಲ್ಲಿ ಕೆಳಗಿನ ಟ್ಯೂಬಿನ ಒಂದು ವಾಲ್ವ್ ನಿಧಾನವಾಗಿ ಸೋರುತ್ತಿತ್ತು. ಹೊರಗಿನ ಪೆಟ್ಟಿಗೆಯನ್ನು ಎಷ್ಟು ನೋಡಿದರೂ ಅದು ತಿಳಿಯುವಂಥದ್ದಲ್ಲ. ಇದುವರೆಗಿನ ಸರ್ವಿಸ್‌ಗಳಿಗೆ ರಾಫ್ಟಿನ ಬೆಲೆಯ ಅರ್ಧದಷ್ಟು ಹಣ ಹೋಗಿದೆ, ಆದ್ದರಿಂದ ಕೊಳ್ಳುವ ಮೊದಲೇ ಆ ಮಾದರಿಯನ್ನು ಸರ್ವಿಸ್ ಮಾಡುವ ಮಾನ್ಯತೆ ಪಡೆದ ಕೇಂದ್ರ ಎಷ್ಟು ದೂರದಲ್ಲಿದೆ ಎಂದು ವಿಚಾರಿಸಿರಿ.

ಸಾಧ್ಯವಾದರೆ ಸರ್ವಿಸ್ ದಿನ ತಾಂಡೇಲ ಮತ್ತು ಕಲಾಸಿಗಳನ್ನು (ಬೋಟಿನ ಕೆಲಸಗಾರರನ್ನು) ಕರೆದೊಯ್ಯಿರಿ. 2024ರಲ್ಲಿ ನಮ್ಮ ರಾಫ್ಟಿಗೆ ಐದು ವರ್ಷಕ್ಕೊಮ್ಮೆ ಮಾಡುವ ಗ್ಯಾಸ್ ಪರೀಕ್ಷೆ ನಡೆದಾಗ ಎಲ್ಲರೂ ಇದ್ದರು. ಉಬ್ಬಿದ ಬಳಿಕ ಹೆಚ್ಚಿನ ಒತ್ತಡ ಹೊರಬೀಳುವ ಬುಸ್ಸೆನ್ನುವ ಸದ್ದು ಕೇಳಿ ಒಬ್ಬ ಹುಡುಗ “ಹರಿದುಹೋಯಿತು” ಎಂದು ಕೂಗಿದ. ರಾತ್ರಿ ಕಡಲಿನಲ್ಲಿ ಅದೇ ಸದ್ದಿಗೆ ಹೆದರಿ ಹತ್ತದೇ ಉಳಿದಿದ್ದರೆ ಏನಾಗುತ್ತಿತ್ತು ಎಂದು ಆಗ ಯೋಚಿಸಿದೆ. 1979ರ ಫಾಸ್ಟ್‌ನೆಟ್ ಹಾಯಿದೋಣಿ ಸ್ಪರ್ಧೆಯಲ್ಲಿ ಬಿರುಗಾಳಿಗೆ ಸಿಕ್ಕಿ ಬಿಟ್ಟುಬಂದ 24 ದೋಣಿಗಳಲ್ಲಿ 19 ಆಮೇಲೆ ತೇಲುತ್ತಲೇ ಸಿಕ್ಕಿದ್ದವು ಎಂಬುದನ್ನೂ ಅಲ್ಲಿಯೇ ಹೇಳಿದೆ. ಬೋಟ್ ತೇಲುತ್ತಿರುವವರೆಗೆ ರಾಫ್ಟಿಗೆ ಇಳಿಯುವ ಅವಸರ ಬೇಡ.

ರಾಫ್ಟಿನೊಳಗೆ ಇಡುವ ತುರ್ತು ಸಾಮಾನಿನ ಪ್ಯಾಕ್‌ಗಳಲ್ಲಿ ನಮ್ಮದು ಬಿ ಪ್ಯಾಕ್ ಆದ್ದರಿಂದ ಒಳಗೆ ಕುಡಿಯುವ ನೀರೂ ಆಹಾರವೂ ಇಲ್ಲ. ಎ ಪ್ಯಾಕಿನಲ್ಲಿ ತಲಾ ಒಂದೂವರೆ ಲೀಟರ್ ನೀರು ಇರುತ್ತದೆ. ಆ ಲೆಕ್ಕದಲ್ಲಿ ಹನ್ನೆರಡು ಲೀಟರನ್ನು, ತೇಲಲೆಂದು ಸ್ವಲ್ಪ ಖಾಲಿ ಬಿಟ್ಟ ಕ್ಯಾನುಗಳಲ್ಲಿ ತುಂಬಿ, ಬಿಸ್ಕತ್ತು ಮತ್ತು ಟಾರ್ಚಿನೊಂದಿಗೆ ಕ್ಯಾಬಿನ್ ಬಾಗಿಲಲ್ಲಿ ಕಟ್ಟಿಟ್ಟಿದ್ದೇವೆ. ಪೆಟ್ಟಿಗೆಯ ಮೇಲೆ ಬಲೆ ಒಣಹಾಕುವುದನ್ನು, ಅದರ ಮೇಲೆ ಕೂರುವುದನ್ನು ಬಿಡಿಸಲು ಒಂದು ವರ್ಷ ಹಿಡಿಯಿತು.