ಹಾರಂಗಿ ಹಿನ್ನೀರೋ, ಮುಂಬೈ ಬಂದರೋ?

ಈಜುಕೊಳ ಸಾಕಾಗಿ ತೆರೆದ ನೀರಿಗಿಳಿಯುವ ಆಸೆ ಹುಟ್ಟಿದ ಕೊಡಗಿನವರಿಗೆ ಮೊದಲು ನೆನಪಾಗುವುದು ಹಾರಂಗಿ. ಕುಶಾಲನಗರಕ್ಕೆ ಹತ್ತಿರ, ಸಿಹಿನೀರು, ಅಲೆ ಕಡಿಮೆ. ಆದರೆ ಅನುಮತಿಯಿಲ್ಲದೆ ಜಲಾಶಯಕ್ಕೆ ಇಳಿಯಬೇಡಿ. ಮಳೆಗಾಲದಲ್ಲಂತೂ ಆ ಮಾತೇ ಬೇಡ.

ಮುಂಬೈ ಬಂದರಿನ ಲೆಕ್ಕವೇ ಬೇರೆ. ಅಲ್ಲಿ ಸಂಕ್ ರಾಕ್ ದೀಪಸ್ತಂಭದಿಂದ ಗೇಟ್‌ವೇ ಆಫ್ ಇಂಡಿಯಾವರೆಗಿನ 5 ಕಿ.ಮೀ. ಈಜು ಸ್ಪರ್ಧೆ ಹೆಸರುವಾಸಿ, ಧರಮ್‌ತರ್ ಜೆಟ್ಟಿಯಿಂದ ಹೊರಟರೆ ಸುಮಾರು 35 ಕಿ.ಮೀ. ಉಪ್ಪುನೀರು ಮೈಯನ್ನು ಮೇಲೆತ್ತುತ್ತದೆ, ಕಾಲು ಮುಳುಗಿಸಿಕೊಂಡು ಈಜುವವರಿಗೆ ಅದು ವರ. ಅದೇ ಉಪ್ಪು ಕಂಕುಳು, ಕುತ್ತಿಗೆಯನ್ನು ಉಜ್ಜಿ ಉರಿಸುತ್ತದೆ, ವ್ಯಾಸಲೀನ್ ಮರೆಯಬೇಡಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತ-ಇಳಿತದ ಅಂತರ 4 ಮೀಟರ್ ದಾಟುತ್ತದೆ. ಸೆಳೆತ ಎದುರಾದರೆ ಎಷ್ಟು ಕೈ ಬೀಸಿದರೂ ದಡ ಹತ್ತಿರ ಬರುವುದಿಲ್ಲ. ಸಾಲದ್ದಕ್ಕೆ ಫೆರಿಗಳ ಅಲೆ, ಬಾಯಿಗೆ ಬರುವ ಡೀಸೆಲ್ ವಾಸನೆ. ಬೆಂಗಾವಲು ದೋಣಿಯಿಲ್ಲದೆ ಅಲ್ಲಿ ಈಜುವುದು ಹುಚ್ಚಾಟ.

ನನ್ನನ್ನು ಕೇಳಿದರೆ, ಅನುಮತಿ ಸಿಕ್ಕರೆ ಅಭ್ಯಾಸಕ್ಕೆ ಹಿನ್ನೀರೇ ಸರಿ. ಬಂದರು ಸ್ಪರ್ಧೆಯ ದಿನಕ್ಕಿರಲಿ. ಮಧ್ಯೆ ಒಮ್ಮೆ ಘಟ್ಟ ಇಳಿದು ಮಂಗಳೂರಿನಲ್ಲಿ, ಜೀವರಕ್ಷಕರಿರುವ ಕಡೆ, ಉಪ್ಪುನೀರಿನ ರುಚಿ ನೋಡಿಬನ್ನಿ. ದುಬಾರೆ ಕಡೆಯ ಕಾವೇರಿ ಮಾತ್ರ ಬೇಡ: ಬಂಡೆ ಬಹಳ, ಸೆಳೆತ ಮೇಲಿಂದ ಕಾಣದು.