ಕಂಟ್ರಿ ತಂಡದೊಂದಿಗೆ ಟೂರ್ ಹೊರಡುವವರೇ, ಎಚ್ಚರ: ಕೊಡದ ಹಣಕ್ಕೂ ನನ್ನ ಹೆಸರಿನಲ್ಲಿ ತೆರಿಗೆ ಬಂದಿದೆ

ಅಮೆರಿಕದ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್ವಿಲ್‌ನಲ್ಲಿ ಪಿಟೀಲು, ಗಿಟಾರ್ ಅಥವಾ ಡ್ರಮ್ಸ್ ನುಡಿಸಿ ಬದುಕಬೇಕೆಂದಿರುವ ಕನ್ನಡದ ಗೆಳೆಯರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಕಳೆದ ಬೇಸಿಗೆಯಲ್ಲಿ ಒಬ್ಬ ಕಂಟ್ರಿ ಗಾಯಕನ ತಂಡದಲ್ಲಿ ಪಿಟೀಲು ನುಡಿಸಲು ಓಕ್ಲಹೋಮಾ, ಟೆಕ್ಸಸ್ ಕಡೆ ಹೋಗಿದ್ದೆ. ಒಪ್ಪಿಕೊಂಡ ಹಣದಲ್ಲಿ ಅರ್ಧವೂ ನನ್ನ ಕೈ ಸೇರಲಿಲ್ಲ, ಆದರೆ ಪೂರ್ತಿ ಕೊಟ್ಟಿದ್ದೇವೆಂದು ಸರ್ಕಾರಕ್ಕೆ ಲೆಕ್ಕ ಹೋಗಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ; ಮೈಸೂರಿನಲ್ಲಿರುವ ಅಪ್ಪನಿಗೆ ಇನ್ನೂ ಹೇಳಿಲ್ಲ.

ಇಲ್ಲಿನ ಬ್ರಾಡ್‌ವೇ ಬೀದಿಯ ಬಾರುಗಳಲ್ಲಿ ನುಡಿಸುವವರ ಸ್ಥಿತಿ ಗೊತ್ತಿರುವುದೇ. ಒಳಗೆ ಬರುವವರಿಗೆ ಬಹುಪಾಲು ಟಿಕೆಟ್ ಇರುವುದಿಲ್ಲ, ನಾಲ್ಕು ಗಂಟೆಗಳ ಪಾಳಿಗೆ ಮಾಲೀಕರು ಕೊಡುವುದು ಅಲ್ಪ, ಉಳಿದಂತೆ ಟಿಪ್ಸ್ ಬಕೆಟ್ಟಿಗೆ ಬಿದ್ದದ್ದನ್ನು ಹಂಚಿಕೊಳ್ಳಬೇಕು. ಹೀಗಿರುವಾಗ ಒಂದು ಕಾರ್ಯಕ್ರಮಕ್ಕೆ 225 ಡಾಲರ್, ಕಾರ್ಯಕ್ರಮವಿಲ್ಲದ ದಿನಗಳೂ ಸೇರಿ ದಿನಕ್ಕೆ 35 ಡಾಲರ್ ಊಟದ ಭತ್ಯೆ, ಇಬ್ಬರಿಗೊಂದು ಮೋಟೆಲ್ ಕೋಣೆ, ವ್ಯಾನಿನ ಖರ್ಚೆಲ್ಲ ತಂಡದ್ದು ಎಂದು ಟೂರ್ ಮ್ಯಾನೇಜರ್ ಫೋನಿನಲ್ಲಿ ಹೇಳಿದಾಗ ಯಾರು ಬೇಡವೆನ್ನುತ್ತಾರೆ? ಬರಹದಲ್ಲಿ ಕೊಡಿ ಎಂದು ಕೇಳಿದೆ. "ನಾವೆಲ್ಲ ಒಂದೇ ಮನೆಯವರು, ಕಾಗದವೇಕೆ?" ಎಂದರು. ಮರುದಿನವೇ ತೆರಿಗೆಗೆ ಬೇಕೆಂದು, ಹೆಸರು ಮತ್ತು ತೆರಿಗೆ ಸಂಖ್ಯೆ ಬರೆದುಕೊಡುವ ಡಬ್ಲ್ಯೂ-9 ನಮೂನೆಯನ್ನು ಮಾತ್ರ ಭರ್ತಿ ಮಾಡಿಸಿಕೊಂಡರು. ಒಂದೇ ಮನೆಯವರಿಗೆ ಆ ಕಾಗದ ಮಾತ್ರ ಬೇಕಾಯಿತು.

ಹೊರಡುವ ಮುಂಚಿನ ರಿಹರ್ಸಲ್‌ಗಳಿಗೆ ಹಣವಿರಲಿಲ್ಲ. ನ್ಯಾಶ್ವಿಲ್‌ನಿಂದ ಟೆಕ್ಸಸ್‌ನ ಅಮರಿಲ್ಲೋಗೆ ಐ-40 ಹೆದ್ದಾರಿಯಲ್ಲಿ 900 ಮೈಲಿಗೂ ಹೆಚ್ಚು ದೂರ. ರಾತ್ರಿ ಸರದಿಯ ಮೇಲೆ ವ್ಯಾನು ಓಡಿಸಿದವರು ನಾವೇ, ಟ್ರೇಲರ್‌ನಿಂದ ಆಂಪ್ಲಿಫೈಯರ್‌ಗಳನ್ನು ಇಳಿಸಿದವರು ನಾವೇ, ಕಾರ್ಯಕ್ರಮ ಮುಗಿದ ಮೇಲೆ ಗಾಯಕನ ಟೀ ಶರ್ಟುಗಳನ್ನು ಮೇಜಿನ ಮುಂದೆ ನಿಂತು ಮಾರಿದವನು ನಾನು. ವೇದಿಕೆಯ ಮೇಲಿನ ತೊಂಬತ್ತು ನಿಮಿಷಕ್ಕಾಗಿ ಇಡೀ ದಿನ ಹೋಗುತ್ತದೆ. ಈ ಕೆಲಸವೇ ಹಾಗೆ, ಅದಕ್ಕೆ ನನ್ನ ತಕರಾರಿಲ್ಲ.

ನನ್ನ ತಕರಾರಿರುವುದು ಕೊನೆಯ ರಾತ್ರಿ ನಡೆದದ್ದರ ಬಗ್ಗೆ. ಡಾನ್ಸ್ ಹಾಲಿನ ಹಿಂದೆ ಸಾಮಾನು ತುಂಬಿದ ಮೇಲೆ ಮ್ಯಾನೇಜರ್ ನನ್ನನ್ನೊಬ್ಬನನ್ನೇ ಬದಿಗೆ ಕರೆದು ಫೋನಿನಲ್ಲಿ ಒಂದು ಪಟ್ಟಿ ತೋರಿಸಿದರು. ಮೇಲೆ ನನ್ನ ಪೂರ್ತಿ ಸಂಭಾವನೆ. ಅದರ ಕೆಳಗೆ ವ್ಯಾನಿನ ಬಾಡಿಗೆಯಲ್ಲಿ ನನ್ನ ಪಾಲು, ಇಂಧನದಲ್ಲಿ ನನ್ನ ಪಾಲು, ಮೋಟೆಲಿನಲ್ಲಿ ನನ್ನ ಪಾಲು, ಬಿರುಗಾಳಿಯಿಂದ ರದ್ದಾದ ಕಾರ್ಯಕ್ರಮಕ್ಕೆ ಸೊನ್ನೆ, ಓಕ್ಲಹೋಮಾದಲ್ಲಿ ಟ್ರೇಲರ್‌ನ ಬೇರಿಂಗ್ ಹೋದದ್ದರಲ್ಲೂ ನನ್ನ ಪಾಲು! ಅವರ ಟ್ರೇಲರ್‌ನ ಬೇರಿಂಗಿಗೂ ಪಿಟೀಲು ನುಡಿಸುವವನ ಸಂಭಾವನೆಗೂ ಏನು ಸಂಬಂಧ ಎಂದು ಕೇಳಿದೆ. "ಎಲ್ಲ ತಂಡಗಳಲ್ಲೂ ಹೀಗೆಯೇ, ನೀವು ಹೊಸಬರು, ನಿಮಗೆ ಗೊತ್ತಿಲ್ಲ" ಎಂದರು. ಖರ್ಚೆಲ್ಲ ತಂಡದ್ದು ಎಂದಿದ್ದಿರಲ್ಲ ಎಂದೆ. "ನೀವೂ ತಂಡವೇ ಅಲ್ಲವೇ?" ಎಂದರು. ಈ ಉತ್ತರವನ್ನು ಇನ್ನೊಮ್ಮೆ ಓದಿ. ನಾನಂತೂ ಊರು ತಲುಪುವವರೆಗೂ ಅದನ್ನೇ ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದೆ. ವ್ಯಾನಿನಲ್ಲಿ ಪಕ್ಕದಲ್ಲಿದ್ದ ಡ್ರಮ್ಮರ್, ಪ್ರತಿ ಟೂರಿನಲ್ಲೂ ಪಿಟೀಲಿನವರು ಹೊಸಬರೇ ಇರುತ್ತಾರೆ ಎಂದು ಮೆಲ್ಲಗೆ ಹೇಳಿದ. ಹೊರಡುವ ಮುಂಚೆ ಹೇಳಬಹುದಿತ್ತು.

ಆಮೇಲೆ ಕಳುಹಿಸಿದ ಸಂದೇಶಗಳಿಗೆ ಗಾಯಕನಿಂದ ಬಂದ ಉತ್ತರ ಒಂದೇ: ದೊಡ್ಡ ವೇದಿಕೆಗಳಲ್ಲಿ ಜನ ನಿಮ್ಮನ್ನು ನೋಡಿದರು, ಅದಕ್ಕೆ ಬೆಲೆ ಕಟ್ಟಲಾಗುವುದಿಲ್ಲ. ಬೆಲೆ ಕಟ್ಟಲಾಗದ್ದರಿಂದ ಮನೆ ಬಾಡಿಗೆ ಕಟ್ಟಲೂ ಆಗುವುದಿಲ್ಲ ಎಂದು ಬರೆದೆ. ಅದಕ್ಕೆ ಉತ್ತರವಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಸುಮ್ಮನಿರುತ್ತಿದ್ದೆನೇನೋ. ಜನವರಿ ಕೊನೆಯಲ್ಲಿ ಅಂಚೆಯಲ್ಲಿ 1099 ನಮೂನೆ ಬಂತು; ವರ್ಷದಲ್ಲಿ ನನಗೆ ಎಷ್ಟು ಕೊಟ್ಟೆವೆಂದು ಅವರು ತೆರಿಗೆ ಇಲಾಖೆಗೆ ತಿಳಿಸುವ ಕಾಗದ ಅದು. ಅದರಲ್ಲಿರುವುದು ನನ್ನ ಕೈಗೆ ಬಂದ ಹಣವಲ್ಲ, ಕಡಿತಕ್ಕೆ ಮೊದಲಿನ ಪೂರ್ತಿ ಸಂಭಾವನೆ. ಕೈಗೆ ಬಾರದ ಹಣಕ್ಕೆ ಶೇಕಡಾ 15.3ರ ದರದ ಸ್ವಯಂ ಉದ್ಯೋಗ ತೆರಿಗೆ, ಅದರ ಮೇಲೆ ಆದಾಯ ತೆರಿಗೆ! ತಿದ್ದಿಕೊಡಿ ಎಂದು ಕೇಳಿದ್ದಕ್ಕೆ ಮ್ಯಾನೇಜರ್ ಬರೆದದ್ದು ಇದು: "ನಮ್ಮ ಲೆಕ್ಕದಲ್ಲಿ ನಿಮಗೆ ಪೂರ್ತಿ ಕೊಟ್ಟಿದ್ದೇವೆ, ಖರ್ಚನ್ನು ನೀವು ನಮಗೆ ಹಿಂದಿರುಗಿಸಿದ್ದೀರಿ. ನಿಮ್ಮ ತೆರಿಗೆ ಲೆಕ್ಕದಲ್ಲಿ ಅದನ್ನು ಖರ್ಚೆಂದು ಕಳೆಯಿರಿ." ಹಾಗೆ ಕಳೆಯಲು ರಸೀದಿ ಬೇಕಲ್ಲವೇ? ವ್ಯಾನು, ಮೋಟೆಲು, ಬೇರಿಂಗು, ಎಲ್ಲದರ ರಸೀದಿಯೂ ಅವರ ಹೆಸರಿನಲ್ಲಿದೆ. ಅಂದರೆ ಅದೇ ಖರ್ಚನ್ನು ಅವರೂ ತಮ್ಮ ಲೆಕ್ಕದಲ್ಲಿ ತೋರಿಸಿಕೊಂಡಿರಬಹುದು ಎಂಬುದು ನನ್ನ ಅನುಮಾನ. ಪ್ರತಿಗಳನ್ನು ಕೇಳಿದ ದಿನದಿಂದ ನನ್ನ ಫೋನನ್ನು ಯಾರೂ ಎತ್ತುತ್ತಿಲ್ಲ.

ನೀವು ಹೊರಡುವುದಾದರೆ ಸಂಭಾವನೆ, ಭತ್ಯೆ, ರದ್ದಾದ ಕಾರ್ಯಕ್ರಮಕ್ಕೆ ಎಷ್ಟು ಎಂಬುದನ್ನು ಬರಹದಲ್ಲಿ ಪಡೆಯದೆ ವ್ಯಾನು ಹತ್ತಬೇಡಿ. ಕೊನೆಯಲ್ಲಿ ಕೊಡುತ್ತೇವೆ ಎಂದರೆ ಪ್ರತಿ ರಾತ್ರಿಯೂ ಕೊಡಿ ಎನ್ನಿ. ಕಡಿತದ ಪಟ್ಟಿ ತೋರಿಸಿದರೆ ಅಲ್ಲೇ ಅದರ ಫೋಟೋ ತೆಗೆಯಿರಿ. ಮ್ಯುಸಿಷಿಯನ್ಸ್ ಯೂನಿಯನ್ನಿನ ಇಲ್ಲಿನ ಶಾಖೆ, ಲೋಕಲ್ 257, ಇರುವುದೇ ಇಂಥ ಕೆಲಸದವರಿಗಾಗಿ; ಒಪ್ಪುವ ಮುಂಚೆ ಅಲ್ಲಿ ಕೇಳಿ. ನನಗೆ ಗ್ರೀನ್ ಕಾರ್ಡ್ ಇರುವುದರಿಂದ ಜಗಳವಾಡುವ ಧೈರ್ಯವಾದರೂ ಇದೆ. ಎಚ್-1ಬಿ ವೀಸಾದಲ್ಲಿರುವವರು ವಾರಾಂತ್ಯದ ಟೂರ್ ತಾನೇ ಎಂದು ನಗದಿಗೆ ನುಡಿಸಲು ಹೋಗಬೇಡಿ. ಆ ವೀಸಾದಲ್ಲಿ, ನಿಮಗಾಗಿ ಅರ್ಜಿ ಹಾಕಿದ ಉದ್ಯೋಗದಾತನ ಬಳಿ ಮಾತ್ರ ದುಡಿಯಬಹುದು. ಇಂಥವರು ಮೋಸ ಮಾಡಿದರೆ ನೀವು ದೂರು ಕೊಡಲೂ ಹಿಂಜರಿಯುತ್ತೀರಿ, ಅದು ಅವರಿಗೂ ಗೊತ್ತು.

ನ್ಯಾಶ್ವಿಲ್ ಇರುವ ಟೆನೆಸ್ಸಿ ರಾಜ್ಯದ ಜನರಲ್ ಸೆಷನ್ಸ್ ನ್ಯಾಯಾಲಯದಲ್ಲಿ 25,000 ಡಾಲರ್‌ವರೆಗಿನ ಹಣದ ದಾವೆ ಹೂಡಬಹುದು. ನನ್ನ ಅರ್ಜಿ ಸಿದ್ಧವಾಗುತ್ತಿದೆ, ಆದ್ದರಿಂದ ಗಾಯಕನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರುವ ಬೇಸಿಗೆಗೆ ಅವರು ಮತ್ತೆ ಪಿಟೀಲಿನವರನ್ನು ಹುಡುಕುತ್ತಿದ್ದಾರೆ, ಈ ಸಲ 250 ಡಾಲರ್ ಎನ್ನುತ್ತಿದ್ದಾರಂತೆ. ನಿಮಗೆ ಕರೆ ಬಂದಿದ್ದರೆ ಒಪ್ಪುವ ಮುಂಚೆ ನನಗೆ ಖಾಸಗಿಯಾಗಿ ಬರೆಯಿರಿ, ಆ ಪಟ್ಟಿಯಲ್ಲಿದ್ದದ್ದನ್ನೆಲ್ಲ ಸಾಲು ಸಾಲಾಗಿ ಹೇಳುತ್ತೇನೆ.